ಪ್ರಶ್ನೆ ನಿಮ್ಮದು: ‘ಗೋಡೆಯ ಮೇಲಿನ ವಾಕ್ಯ ನನ್ನನ್ನೇ ಅಣಕಿಸುತ್ತದೆ’

ಪ್ರಶ್ನೆ: ಅಕ್ಕನವರಿಗೆ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಮೂಲ ಹುಬ್ಬಳ್ಳಿ. ಮದುವೆಯಾಗಿ ಬಂದಾಗಿನಿಂದ ಡೊಂಬಿವಲಿಯಲ್ಲಿದ್ದೇನೆ. ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಅರ್ಧಂಬರ್ಧ. ಅತ್ತೆಯವರಿಗೆ ಕಣ್ಣು ಮಂಜು. ಮಗ ಹನ್ನೆರಡನೇ ಕ್ಲಾಸಿನಲ್ಲಿದ್ದಾನೆ. ನಾನು ಘಾಟ್ಕೋಪರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬೆಳಗಿನ ನಾಲ್ಕಕ್ಕೆ ಎದ್ದು ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಎಲ್ಲರ ಡಬ್ಬಿ ಕಟ್ಟಿ ಲೋಕಲ್ ಹಿಡಿಯುತ್ತೇನೆ. ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ನಿಂತೇ ತೂಕಡಿಸುತ್ತೇನೆ.

ನಮ್ಮ ಸಭೆಯವರು ಒಳ್ಳೆಯವರು. ಮನೆಗೆ ಬರುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ‘ಕರ್ತನ ಮೇಲೆ ಭಾರ ಹಾಕಮ್ಮ, ಆತನೇ ಬಲ ಕೊಡುತ್ತಾನೆ’ ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ಈಸ್ಟರ್ ದಿನ ನನ್ನನ್ನು ಸಾಕ್ಷಿ ಹೇಳಲು ಕರೆದರು. ದೇವರು ದಿನದಿನವೂ ನಡೆಸುತ್ತಿದ್ದಾನೆ ಎಂದೆ. ಕೂತವರು ಕಣ್ಣೊರೆಸಿಕೊಂಡರು. ನಾನು ಸುಳ್ಳು ಹೇಳಿ ಬಂದೆ ಅನಿಸಿತು. ಹಾಲಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ, ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅಂತ. ಆ ವಾಕ್ಯ ನನ್ನನ್ನೇ ಅಣಕಿಸುತ್ತದೆ. ರಾತ್ರಿ ಮೊಣಕಾಲೂರಿದರೆ ಹಾಸಿಗೆಯ ಅಂಚಿಗೆ ತಲೆಯಿಟ್ಟು ಹಾಗೇ ನಿದ್ದೆ ಹೋಗಿರುತ್ತೇನೆ. ಸೊಂಟ ನೋವು ಬೇರೆ. ಒಮ್ಮೊಮ್ಮೆ ಎಲ್ಲಾ ಸಾಕಪ್ಪಾ ಅನಿಸುತ್ತದೆ. ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನನ್ನು ನೋಡಿ ಧೈರ್ಯ ತಂದುಕೊಂಡವರು ಎಡವುತ್ತಾರೆ. ಅಕ್ಕಾ, ನನ್ನ ನಂಬಿಕೆ ನಿಜವಾದದ್ದೇ? ಕೊನೆಯವರೆಗೂ ತಾಳಿಕೊಳ್ಳುತ್ತೇನೆಯೇ?
— ಒಬ್ಬ ಸಹೋದರಿ, ಡೊಂಬಿವಲಿ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ‘ಸೊಂಟ ನೋವು ಬೇರೆ’ ಎಂಬ ಮಾತು. ನಂಬಿಕೆಯ ವಿಷಯ ಬರೆಯುತ್ತಾ ಅದನ್ನು ನಡುವೆ ಎಲ್ಲೋ ತೂರಿಸಿಬಿಟ್ಟಿದ್ದೀರಿ. ಮುಂಬಯಿಯ ಮುನಿಸಿಪಲ್ ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿಯೇ ತಲೆ ನರೆತವಳು ನಾನು, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಯಜಮಾನರನ್ನು ನೀವೊಬ್ಬರೇ ಎತ್ತುತ್ತಿದ್ದೀರಿ, ಹೌದಲ್ಲ? ಬಗ್ಗಿ, ಕಂಕುಳಿಗೆ ಕೈ ಹಾಕಿ ದಿಂಬಿನ ಕಡೆ ಎಳೆಯುತ್ತೀರಿ. ಇನ್ನು ಮೇಲೆ ಹಾಗೆ ಮಾಡಬೇಡಿ. ಪಾರ್ಶ್ವವಾಯು ಆದ ಕಡೆಯ ಭುಜದ ಕೀಲು ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ. ನಿಮ್ಮ ಬೆನ್ನೂ ಹೋಗುತ್ತದೆ. ಒಂದು ದಪ್ಪ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಅವರ ಬೆನ್ನಿನಿಂದ ತೊಡೆಯವರೆಗೆ ಬರುವಂತೆ ಅಡಿಗೆ ಹಾಸಿ. ಆಚೆ ಒಬ್ಬರು, ಈಚೆ ಒಬ್ಬರು. ಶೀಟಿನ ಅಂಚನ್ನು ಅವರ ಮೈಗೆ ತಾಗುವ ತನಕ ಸುರುಳಿ ಸುತ್ತಿ, ಬಿಗಿಯಾಗಿ ಹಿಡಿದು, ಒಂದು ಎರಡು ಮೂರು ಅಂದು ಒಟ್ಟಿಗೇ ಸರಿಸಿ. ಮಗನಿಗೆ ಒಂದು ಸಲ ತೋರಿಸಿದರೆ ಸಾಕು, ಕಲಿಯುತ್ತಾನೆ. ಹಗಲಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಇಲ್ಲವಾದರೆ ಬೆನ್ನ ಹುಣ್ಣು ಬರುತ್ತದೆ. ನರ್ಸಿಂಗ್ ಕಲಿಯುವಾಗ ನಮಗೆ ತಲೆಗೆ ಮೊಟಕಿ ಕಲಿಸಿದ ಪಾಠ ಇದು: ರೋಗಿಯನ್ನು ಒಬ್ಬಳೇ ಎತ್ತಬೇಡ, ಇನ್ನೊಬ್ಬಳನ್ನು ಕರೆ.

ವಿಶ್ವಾಸದ ಅಂಕಣದಲ್ಲಿ ಬೆಡ್‌ಶೀಟಿನ ಮಾತು ಯಾಕೆ ಎಂದು ಕೆಲವರು ಸಂಪಾದಕರಿಗೆ ಬರೆಯುತ್ತಾರೆ. ಬರೆಯಲಿ. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಆ ಶೀಟಿನ ಆಚೆಯ ಅಂಚಿನಲ್ಲೇ ಇದೆ.

ಈಗ ಕ್ಯಾಲೆಂಡರಿಗೆ ಬರೋಣ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 4ನೇ ಅಧ್ಯಾಯ, 13ನೇ ವಚನ. ಕ್ಯಾಲೆಂಡರ್ ಅಚ್ಚು ಹಾಕಿಸುವವರು ಹಿಂದು ಮುಂದಿನದನ್ನೆಲ್ಲಾ ಕತ್ತರಿಸಿ, ಒಂದು ಹಿಮದ ಬೆಟ್ಟದ ಚಿತ್ರದ ಮೇಲೆ ಆ ವಚನವನ್ನು ಅಂಟಿಸುತ್ತಾರೆ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ಅದರ ಹಿಂದಿನ ಎರಡು ವಚನ ಓದಿ. ಹೊಟ್ಟೆ ತುಂಬಿದ್ದಾಗ ಹೇಗಿರಬೇಕು, ಹಸಿದಿದ್ದಾಗ ಹೇಗಿರಬೇಕು ಎರಡನ್ನೂ ಕಲಿತಿದ್ದೇನೆ ಎನ್ನುತ್ತಾನೆ. ಅಂದರೆ ಆತ ಶಕ್ತನಾಗಿರುವ ‘ಎಲ್ಲ’ದರಲ್ಲಿ ಹಸಿದು ಮಲಗುವುದೂ ಸೇರಿದೆ. ಆಮೇಲೆ ಕ್ಯಾಲೆಂಡರಿನಲ್ಲಿ ಎಂದೂ ಬಾರದ 14ನೇ ವಚನ ಓದಿ. ಎಲ್ಲಕ್ಕೂ ಶಕ್ತ ಎಂದು ಬರೆದ ಶಾಯಿ ಆರುವ ಮುಂಚೆಯೇ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಎಲ್ಲಕ್ಕೂ ಶಕ್ತನಾದವನಿಗೆ ಪಾಲುಗಾರರು ಯಾಕೆ ಬೇಕಾಯಿತು? ಮುಂದೆ ಹೋಗಿ, ಥೆಸಲೊನೀಕದಲ್ಲಿದ್ದಾಗಲೂ ಒಂದೆರಡು ಸಲ ಕಳಿಸಿಕೊಟ್ಟಿರಿ, ಈಗ ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದೂ ಮುಟ್ಟಿತು ಎಂದು ಲೆಕ್ಕ ಒಪ್ಪಿಸುತ್ತಾನೆ. ನೀವು ಅಕೌಂಟ್ಸ್‌ನವರು, ಆ ಭಾಗ ನಿಮಗೆ ಪರಿಚಿತವಾಗಿಯೇ ಕಾಣುತ್ತದೆ, ಅಚ್ಚುಕಟ್ಟಾದ ಜಮಾ ರಸೀದಿ. ಪೌಲನಿಗೆ ಬಲ ಕೊಟ್ಟವನು ದೇವರು, ಸಂದೇಹವಿಲ್ಲ. ಆ ಬಲ ಸೆರೆಮನೆಯ ಬಾಗಿಲಿಗೆ ಬಂದದ್ದು ಒಬ್ಬ ಮನುಷ್ಯನ ಕೈಯಲ್ಲಿದ್ದ ಗಂಟಿನಲ್ಲಿ. ಆ ಮನುಷ್ಯನೂ ಗಟ್ಟಿಮುಟ್ಟಾಗಿರಲಿಲ್ಲ. 2ನೇ ಅಧ್ಯಾಯ ನೋಡಿದರೆ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಊರಿನವರಿಗೆ ಈ ಸುದ್ದಿ ಗೊತ್ತಾಗಿಬಿಟ್ಟಿತಲ್ಲ ಎಂದು ಕಳವಳಪಡುತ್ತಿದ್ದ. ನಿಮ್ಮ ಜಾತಿಯವನೇ ಅನ್ನಿ.

‘ಎಲ್ಲಾ ಸಾಕಪ್ಪಾ’ ಎಂದಿದ್ದೀರಿ. ಇದನ್ನು ನೇರವಾಗಿಯೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇದು ದಣಿವಿನ ಮಾತೋ, ಅಥವಾ ಬದುಕಿರುವುದೇ ಬೇಡ ಎಂಬ ಯೋಚನೆ ಬರುತ್ತದೆಯೋ? ಎರಡನೆಯದಾದರೆ ನನ್ನ ಮುಂದಿನ ಅಂಕಣಕ್ಕಾಗಿ ಕಾಯಬೇಡಿ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಡಾಕ್ಟರನ್ನು ಕಾಣಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಹೀಗೆ ಫೋನ್ ಮಾಡುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ಅವರಿಗೆ ಎಲೀಯನ ಕತೆ ತೋರಿಸಿ. ಅರಸುಗಳ ಮೊದಲನೇ ಪುಸ್ತಕ, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ, ಈಜೆಬೆಲಳು ಕೊಲ್ಲುತ್ತೇನೆ ಎಂದದ್ದಕ್ಕೆ ಹೆದರಿ ಓಡಿ, ಅಡವಿಯಲ್ಲಿ ಒಂದು ಜಾಲೀಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಎಂದ. ಬೇಡಿಕೊಂಡು ಮಲಗಿ ನಿದ್ದೆ ಹೋದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ನಿನ್ನೆ ತಾನೆ ಅಷ್ಟು ದೊಡ್ಡ ಕಾರ್ಯ ನೋಡಿದವನು ಇವತ್ತು ಹೀಗಾ ಎಂದು ಹಂಗಿಸಲಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ! ದೂತ ಅದಕ್ಕೂ ಏನೂ ಅನ್ನಲಿಲ್ಲ, ಎರಡನೇ ಸಲ ಬಂದು ಮತ್ತೆ ಉಣ್ಣಿಸಿದ. ಹೋರೇಬ್ ಬೆಟ್ಟದ ಮಾತುಕತೆ ಎಲ್ಲಾ ಆಮೇಲೆ. ಕೊನೆಗೆ ದೇವರು ಅವನಿಗೆ ಹೇಳಿದ ಕೆಲಸಗಳಲ್ಲಿ ಒಂದು, ಹೋಗಿ ಎಲೀಷನನ್ನು ಜೊತೆಗೆ ತೆಗೆದುಕೊ ಎಂಬುದು.

ಪ್ರಾರ್ಥನೆಯಲ್ಲಿ ನಿದ್ದೆ ಬರುವುದು ನಿಮ್ಮೊಬ್ಬರ ಕತೆಯಲ್ಲ. ಗೆತ್ಸೇಮನೆಯಲ್ಲಿ ಶಿಷ್ಯರು ನಿದ್ದೆಹೋದದ್ದನ್ನು ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ, ಕಣ್ಣು ಭಾರವಾಗಿದ್ದವು ಎಂದು. ಲೂಕ ಒಬ್ಬನೇ ಅದಕ್ಕೆ ಕಾರಣ ಹೇಳುತ್ತಾನೆ: ಅವರು ದುಃಖದಿಂದ ನಿದ್ದೆಹೋಗಿದ್ದರು. ಲೂಕ ವೈದ್ಯ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ, ಒಳಗೆ ಗಂಡ ಐಸಿಯುನಲ್ಲಿರುವಾಗ ಹೊರಗೆ ಕೂತಲ್ಲೇ ನಿದ್ದೆಹೋದ ಹೆಂಡತಿಯರನ್ನು ಬೇಕಾದಷ್ಟು ನೋಡಿದ ನನಗೆ ಆ ವಚನದ ಮೇಲೆ ಸಂಶಯವೇ ಬರಲಿಲ್ಲ. ಹಾಸಿಗೆಯ ಅಂಚಿಗೆ ತಲೆಯಿಟ್ಟು ‘ಅಪ್ಪಾ’ ಎಂದು ನಿದ್ದೆಹೋದರೆ ಅಷ್ಟೇ ಪ್ರಾರ್ಥನೆ ಎಂದಿಟ್ಟುಕೊಳ್ಳಿ. ಲೋಕಲಿನಲ್ಲಿ ಠಾಣೆಯಿಂದ ಮುಲುಂಡಿನವರೆಗೆ ಒಂದು ಕೀರ್ತನೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಹದಿಮೂರನೆಯದು ಚಿಕ್ಕದು, ಬಾಯಿಗೂ ಬರುತ್ತದೆ. ‘ಎಷ್ಟರವರೆಗೆ ಕರ್ತನೇ’ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಕೀರ್ತನೆ ಅದು. ಬೈಬಲಿನಲ್ಲೇ ಇರುವುದರಿಂದ ಧೈರ್ಯವಾಗಿ ಹೇಳಬಹುದು.

ಬಲ ಬೇಡಿದೆ, ಬಲ ಬಂದ ಹಾಗೆ ಅನಿಸಲಿಲ್ಲ, ಹಾಗಾದರೆ ದೇವರು ಕೊಡಲಿಲ್ಲ ಅಥವಾ ನನ್ನ ನಂಬಿಕೆ ಸರಿಯಿಲ್ಲ. ನಿಮ್ಮ ಲೆಕ್ಕ ಹೀಗೆ ಓಡುತ್ತಿದೆ. ಇದರ ಬಗ್ಗೆ ನನಗೆ ಗೊತ್ತಿರುವ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. 2005ರ ಜುಲೈ 26 ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ದಿನ. ಲೋಕಲ್ ನಿಂತವು, ರಾತ್ರಿ ಪಾಳಿಯವರು ಬರಲಾಗಲಿಲ್ಲ, ಹಗಲು ಪಾಳಿಯ ನಾವೇ ಉಳಿದೆವು. ಕೆಳಗಿನ ವಾರ್ಡಿಗೆ ನೀರು ನುಗ್ಗಿ ಅಲ್ಲಿಯ ರೋಗಿಗಳನ್ನೂ ನಮ್ಮ ಮಹಡಿಗೇ ತಂದು ನೆಲದ ಮೇಲೆ ಗಾದಿ ಹಾಸಿ ಮಲಗಿಸಿದ್ದರು. ಕಾಲಿಡಲು ಜಾಗವಿಲ್ಲ. ನಡುರಾತ್ರಿ ದಾಟಿದ ಮೇಲೆ ಔಷಧಿ ಟ್ರಾಲಿಗೆ ಒರಗಿ ನಿಂತು, ಕರ್ತನೇ ಬಲ ಕೊಡು ಎಂದೆ. ಏನೂ ಆಗಲಿಲ್ಲ. ಮೈ ಹಗುರಾಗಲಿಲ್ಲ, ಕಾಲುನೋವು ಕಾಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ವಾರ್ಡಿನ ಆಯಾಬಾಯಿ ಸ್ಟೀಲ್ ಲೋಟದಲ್ಲಿ ಹಾಲಿಲ್ಲದ ಚಹಾ ತಂದಳು. ಲೋಟ ಸುಡುತ್ತಿದ್ದುದರಿಂದ ಸೆರಗಿನ ಚುಂಗಿನಲ್ಲಿ ಹಿಡಿದಿದ್ದಳು. ‘ಸಿಸ್ಟರ್, ಜರಾ ಬಸಾ’ ಎಂದು ಸ್ಟೂಲ್ ಎಳೆದು ನನ್ನನ್ನು ಕೂರಿಸಿ, ಕೈಯಲ್ಲಿದ್ದ ಟಾರ್ಚ್ ಕಿತ್ತುಕೊಂಡು, ಮಲಗಿದವರನ್ನು ದಾಟಿ ದಾಟಿ ಸಲೈನ್ ಬಾಟಲಿಗಳನ್ನೆಲ್ಲಾ ನೋಡಿಬಂದು, ಕಿಟಕಿ ಹತ್ತಿರದ ಮುದುಕಿಯದು ಮುಗಿಯುತ್ತಾ ಬಂದಿದೆ ಎಂದಳು. ಎದ್ದು ಬಾಟಲಿ ಬದಲಿಸಿದೆ. ಬೆಳಗಿನವರೆಗೂ ಹೀಗೇ ನಡೆಯಿತು. ಆಕೆ ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿ ಮನೆತನದವಳು, ಕೊರಳಲ್ಲಿ ತುಳಸಿಮಾಲೆ. ನಾನು ಪ್ರಾರ್ಥನೆ ಮಾಡಿದ್ದು ಆಕೆಗೆ ಗೊತ್ತಿಲ್ಲ. ನನಗೆ ಬಲ ಬಂತೇ ಎಂದು ಆಗ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದೆ.

ನಮ್ಮ ಪ್ರಸಂಗಗಳಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಬಾರದ ವರ್ಷವಿಲ್ಲ. ನಮ್ಮ ಕಡೆಯವರೆಂಬ ಅಭಿಮಾನವೂ ಇದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದ ಅಲೆದಾಟದಲ್ಲಿ ತಂದೆ ತಾಯಿ ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ, ಕಾಲರಾದಿಂದ. ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ. ಅಂಥಾಕೆ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ಒಯ್ದರು. 1896ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆ–ದೌಂಡ್ ರೈಲು ದಾರಿಯ ಕೇಡಗಾಂವದಲ್ಲಿ ನೆಲೆ ಕೊಟ್ಟರು. ಅದೇ ಇಂದಿನ ಮುಕ್ತಿ ಮಿಷನ್. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮನೋರಮಾ ತೀರಿಕೊಂಡ ಮೇಲೂ ಆ ಕೆಲಸ ಬಿಡಲಿಲ್ಲ, 1922ರ ಏಪ್ರಿಲಿನಲ್ಲಿ ತಾವೂ ತೀರಿಕೊಂಡರು. ಇಷ್ಟು ಹೇಳಿ ನಮ್ಮ ಪ್ರಸಂಗಿಗಳು, ನೋಡಿ, ಒಂಟಿ ಹೆಣ್ಣು, ದೇವರೊಬ್ಬನನ್ನೇ ನಂಬಿ ಇಷ್ಟೆಲ್ಲಾ ಮಾಡಿದಳು ಎನ್ನುತ್ತಾರೆ. ನನಗೆ ಈ ‘ಒಂಟಿ ಹೆಣ್ಣು’ ಕೇಳಿದಾಗಲೆಲ್ಲ ಎದ್ದು ನಿಂತು ತಡೆಯೋಣ ಅನಿಸುತ್ತದೆ. ಸುಂದರಾಬಾಯಿ ಪವಾರ್ ಜೊತೆಗಿರಲಿಲ್ಲವೇ? ಮಿನ್ನಿ ಏಬ್ರಮ್ಸ್ ಇರಲಿಲ್ಲವೇ? 1887ರಲ್ಲೇ ಅಮೆರಿಕದ ಬಾಸ್ಟನ್ನಿನಲ್ಲಿ ಇವರ ಹೆಸರಿನಲ್ಲಿ ಸಂಘ ಕಟ್ಟಿ ಹತ್ತು ವರ್ಷ ಹಣ ಕೊಡುತ್ತೇವೆಂದು ಮಾತು ಕೊಟ್ಟವರಿರಲಿಲ್ಲವೇ? ಆ ಮರಾಠಿ ಬೈಬಲಿನ ಮೊಳೆ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. ರಮಾಬಾಯಿ ದೇವರನ್ನು ನಂಬಿದ್ದರು, ಹಾಗಾಗಿಯೇ ಆತ ಕಳಿಸಿದವರನ್ನು ಬೇಡ ಎನ್ನಲಿಲ್ಲ.

ನೀವು ಬೇಡ ಎನ್ನುತ್ತಿದ್ದೀರಿ, ತಂಗಿ. ಬಾಯಿಬಿಟ್ಟು ಅನ್ನುತ್ತಿಲ್ಲ, ಚಹಾ ಕೊಟ್ಟು ಕಳಿಸಿಬಿಡುತ್ತೀರಿ. ಸಭೆಯವರ ತಪ್ಪೂ ಇದೆ. ಪಾರ್ಶ್ವವಾಯು ಆದವರ ಮನೆಗೆ ಹೋಗಿ ಆ ಮನೆಯ ಹೆಂಗಸಿನ ಕೈಯಲ್ಲಿ ಚಹಾ ಮಾಡಿಸಿಕೊಂಡು ಕುಡಿಯುವ ಪದ್ಧತಿ ನಿಲ್ಲಬೇಕು, ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಆದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ನೀವು ಈಸ್ಟರ್ ದಿನ ನಿಂತು ಎಲ್ಲಾ ಚೆನ್ನಾಗಿದೆ ಎಂದಿರಿ. ಈ ಭಾನುವಾರ ನಿಮ್ಮ ಸಭಾಪಾಲಕ ಅಯ್ಯನವರನ್ನು ಪಕ್ಕಕ್ಕೆ ಕರೆದು ಮೂರು ಮಾತು ಹೇಳಿ. ಒಂದು, ನಾನು ತುಂಬಾ ಸೋತಿದ್ದೇನೆ. ಎರಡು, ಶನಿವಾರ ಮಧ್ಯಾಹ್ನ ಇಬ್ಬರು ಗಂಡಸರು ಬಂದು ಇವರಿಗೆ ಸ್ನಾನ ಮಾಡಿಸಲಿ, ಆ ಹೊತ್ತು ನಾನು ಮಲಗುತ್ತೇನೆ. ಮೂರು, ಮಹಿಳಾ ಕೂಟದವರು ವಾರಕ್ಕೊಂದು ರಾತ್ರಿ ಊಟ ಕಳಿಸಲಿ. ‘ಏನಾದರೂ ಬೇಕಿದ್ದರೆ ಹೇಳಮ್ಮ’ ಎಂದವರಿಗೆ ಹೀಗೆ ದಿನ, ಹೊತ್ತು, ಕೆಲಸ ಗೊತ್ತುಮಾಡಿ ಹೇಳಿದರೆ ಮಾಡುತ್ತಾರೆ. ಸುಮ್ಮನೆ ಸಹಾಯ ಬೇಕು ಎಂದರೆ ಪ್ರಾರ್ಥನೆ ಮಾಡುತ್ತೇವೆ ಎಂದು ಹೋಗುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಯಜಮಾನರ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರೋ ಇಲ್ಲವೋ, ಬರೆದಿಲ್ಲ. ಮಾಡಿಸಿರದಿದ್ದರೆ ಸಭೆಯ ಯಾವುದಾದರೂ ಹುಡುಗನಿಗೆ ಆ ಓಡಾಟ ವಹಿಸಿ. ನಿಮ್ಮ ಬಿಪಿಯನ್ನೂ ನೋಡಿಸಿಕೊಳ್ಳಿ.

ನಿಮ್ಮನ್ನು ನೋಡಿ ಬಲ ಹೊಂದಿದವರು ಎಡವುತ್ತಾರೆ ಎಂಬ ಭಯ ಬಿಡಿ. ಅದೇ ಸಭೆಯಲ್ಲಿ ನಿಮ್ಮ ಹಾಗೇ ಬಾಯಿಮುಚ್ಚಿಕೊಂಡು ಸೋತಿರುವ ಇನ್ನೊಬ್ಬಾಕೆ ಇರುತ್ತಾಳೆ, ನಿಮ್ಮ ಸಾಕ್ಷಿ ಕೇಳಿ ಮನೆಗೆ ಹೋಗಿ, ನನಗೆ ಮಾತ್ರ ಹೀಗೆ ಎಂದು ಅತ್ತಿರುತ್ತಾಳೆ.

ಇನ್ನು ಕೊನೆಯವರೆಗೂ ತಾಳಿಕೊಳ್ಳುತ್ತೇನೆಯೇ ಎಂಬ ಪ್ರಶ್ನೆ. ಅದಕ್ಕೆ ನಾನಾಗಲಿ ನೀವಾಗಲಿ ಇವತ್ತು ಉತ್ತರ ಕೊಡಲಾರೆವು, ಕೊಡಬೇಕಾಗಿಯೂ ಇಲ್ಲ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದದ್ದು ಆಯಾ ದಿನಕ್ಕೆ, ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ನಾಳೆಗಿರಲಿ ಎಂದು ಎತ್ತಿಟ್ಟವರದು ಹುಳ ಬಿದ್ದು ನಾರಿತು. ಮಗನ ಕಾಲೇಜು, ಅತ್ತೆಯ ಕಣ್ಣು, ಹತ್ತು ವರ್ಷದ ಮುಂದಿನ ನಿಮ್ಮ ಮುಪ್ಪು, ಇವಕ್ಕೆಲ್ಲ ಬೇಕಾದ ಬಲವನ್ನು ಈ ಮಂಗಳವಾರವೇ ಮೈಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕರ್ತನ ಶಿಲುಬೆಯನ್ನೇ ಗೊಲ್ಗೊಥಾದವರೆಗೆ ಹೊರಲು ಇನ್ನೊಬ್ಬನನ್ನು ಹಿಡಿದು ತರಬೇಕಾಯಿತು, ಕುರೇನ್ಯದ ಸೀಮೋನನನ್ನು. ಮಾರ್ಕ ಆತನ ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ. ಯೇಸು ಬೇಡ ಅಂದನೆಂದು ಯಾವ ಸುವಾರ್ತೆಯಲ್ಲೂ ಇಲ್ಲ. ಶನಿವಾರ ಇಬ್ಬರು ಬಂದಾಗ ನೀವೂ ಅನ್ನಬೇಡಿ. ಹೇಗಾಯಿತೆಂದು ಬರೆಯಿರಿ.

ಪ್ರಶ್ನೆ: ಅಮ್ಮಾ, ನಾನು ಬೀದರಿನ ಮೆಥಡಿಸ್ಟ್ ಮನೆಯವನು. ಪುಣೆಯ ಖರಾಡಿಯಲ್ಲಿ ನೈಟ್ ಶಿಫ್ಟ್ ಕೆಲಸ. ಕುಡಿತ ಹತ್ತಿದೆ, ಈಗ ದಿನಾ. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಅಳುತ್ತಾ ಪ್ರಮಾಣ ಮಾಡುತ್ತೇನೆ, ಸಂಕ್ರಾಂತಿ ದಾಟುವುದರೊಳಗೆ ಮುರಿಯುತ್ತೇನೆ. ಇನ್ನು ದೇವರ ಮುಂದೆ ಹೋಗಲು ಮುಖವಿಲ್ಲ. ಪ್ರಮಾಣ ಮಾಡುವುದನ್ನೇ ಬಿಟ್ಟರೆ ಸುಳ್ಳಾದರೂ ತಪ್ಪುತ್ತದಲ್ಲ?
— ಹೆಸರು ಬೇಡ, ಪುಣೆ

ಉತ್ತರ: ತಮ್ಮಾ, ಮೊದಲು ನರ್ಸ್ ಆಗಿ ಹೇಳುತ್ತೇನೆ. ದಿನಾ ಕುಡಿಯುವವನು ಒಮ್ಮೆಲೇ, ಒಬ್ಬನೇ ರೂಮಿನಲ್ಲಿ ಕೂತು ಬಿಡಲು ಹೋಗಬೇಡ. ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕಣ್ಣೆದುರು ಬಿಡಬೇಕು. ಯೆರವಡಾದಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಡಾ. ಅನಿತಾ ಅವಚಟ್ 1986ರಲ್ಲಿ ಶುರುಮಾಡಿದ್ದು, ಖರಾಡಿಯಿಂದ ದೂರವೇನೂ ಅಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳೂ ಪುಣೆಯಲ್ಲಿ ನಡೆಯುತ್ತವೆ, ಫೀಸ್ ಇಲ್ಲ, ಹೆಸರು ಊರು ಕೇಳುವುದಿಲ್ಲ. ಅಲ್ಲಿಗೆ ಹೋಗುವುದು ಕರ್ತನನ್ನು ನಂಬದೇ ಇರುವುದಲ್ಲ. ನಂಬುತ್ತೀಯಾದರೆ ಹೋಗು.

ಪ್ರಮಾಣದ ವಿಷಯ. ನೀನು ಮೆಥಡಿಸ್ಟನಾದ್ದರಿಂದ ನಿನಗಿದು ಗೊತ್ತಿರಬೇಕು: ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1755ರಲ್ಲಿ ಒಡಂಬಡಿಕೆಯ ಆರಾಧನೆ ಶುರುಮಾಡಿದರು, ನಿಮ್ಮ ಸಭೆಗಳಲ್ಲಿ ಅದನ್ನು ಹೊಸ ವರ್ಷದ ಹೊತ್ತಿಗೆ ಮತ್ತೆ ಮತ್ತೆ ನಡೆಸುತ್ತಾ ಬಂದಿದ್ದಾರೆ. ಒಂದು ಸಲ ಪ್ರಮಾಣ ಮಾಡಿದವರೆಲ್ಲ ಉಳಿಸಿಕೊಳ್ಳುತ್ತಿದ್ದರೆ ವರ್ಷಾವರ್ಷ ನಡೆಸುವ ಪ್ರಮೇಯವೇ ಬರುತ್ತಿರಲಿಲ್ಲ. ಮುರಿಯುವವರಿಗಾಗಿಯೇ ಅದು ಇರುವುದು. ಆದರೆ ನೀನು ಮಾಡುತ್ತಿರುವುದು ರಾತ್ರಿ ಹನ್ನೆರಡಕ್ಕೆ, ಗಂಟೆ ಬಾರಿಸುವ ಗದ್ದಲದಲ್ಲಿ, ಕಣ್ಣುಮುಚ್ಚಿ, ಯಾರಿಗೂ ಕೇಳದ ಹಾಗೆ. ಈ ಸಲ ಜನವರಿಗೆ ಕಾಯದೆ, ಒಬ್ಬ ಮನುಷ್ಯನ ಮುಂದೆ, ಕಣ್ಣು ತೆರೆದು ಹೇಳು. ಸಂಬಳ ಬಂದ ದಿನ ಯುಪಿಐ ಆ್ಯಪ್ ಆತನ ಕೈಗೆ ಕೊಡು. ಶಿಫ್ಟ್ ಮುಗಿದ ಮೇಲೆ ಯಾರ ಜೊತೆ ರೂಮಿಗೆ ಹೋಗುತ್ತೀಯ ಎಂಬುದನ್ನು ಬದಲಿಸು.

ಪೇತ್ರನೂ ಪ್ರಮಾಣ ಮಾಡಿದ್ದ, ನಿನ್ನ ಸಂಗಡ ಸಾಯುವುದಕ್ಕೂ ಸಿದ್ಧ ಎಂದು. ಕೋಳಿ ಕೂಗುವುದರೊಳಗೆ ಮುರಿದ. ಅದಕ್ಕೆ ಮೊದಲೇ ಯೇಸು ಅವನಿಗೆ, ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ ಎಂದಿದ್ದ. ಪೇತ್ರ ಮತ್ತೆ ಎದ್ದು ನಿಂತದ್ದು ತನ್ನ ಪ್ರಮಾಣದ ಗಟ್ಟಿತನದಿಂದಲ್ಲ, ಆ ಬೇಡಿಕೆಯಿಂದ. ಮುಖವಿಲ್ಲ ಎಂದೆಯಲ್ಲ, ಪೇತ್ರನಿಗೂ ಇರಲಿಲ್ಲ. ಸಮುದ್ರದ ದಡದಲ್ಲಿ ಮೀನು ಸುಟ್ಟಿಟ್ಟು ಊಟಕ್ಕೆ ಕರೆದದ್ದು ಯೇಸುವೇ.

ಪ್ರಶ್ನೆ: ನಾನು ಶಿವಮೊಗ್ಗ ಕಡೆಯ ಕಥೋಲಿಕ, ವಯಸ್ಸಾದವನು. ವಾಸ್ಕೋದಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಪೂಜೆ ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿ. ಏನೂ ತಿಳಿಯದೆ ಕೂತು ಬರುವುದಕ್ಕಿಂತ ಮನೆಯಲ್ಲೇ ಪ್ರಾರ್ಥನೆ ಮಾಡಿದರೆ ಆಗದೇ? ವಿಶ್ವಾಸ ಒಣಗಿದ ಹಾಗಾಗಿದೆ.
— ಒಬ್ಬ ಹಿರಿಯರು, ಗೋವಾ

ಉತ್ತರ: ಅಣ್ಣನವರೇ, ಮನೆಯಲ್ಲೂ ಮಾಡಿ, ಅಲ್ಲಿಗೂ ಹೋಗಿ. ನಿಮ್ಮಲ್ಲಿ ಒಂದು ಅನುಕೂಲವಿದೆ, ಭಾನುವಾರದ ವಾಚನಗಳು ಶಿವಮೊಗ್ಗದಲ್ಲೂ ವಾಸ್ಕೋದಲ್ಲೂ ಒಂದೇ. ಶನಿವಾರ ರಾತ್ರಿ ಮಗನಿಗೆ ಹೇಳಿ ಮೊಬೈಲಿನಲ್ಲಿ ಅಂದಿನ ವಾಚನ ಯಾವುದೆಂದು ನೋಡಿಸಿ, ಕನ್ನಡ ಬೈಬಲಿನಲ್ಲಿ ಓದಿಕೊಂಡು ಹೋಗಿ. ಪೂಜೆಯ ಯಾವ ಭಾಗ ನಡೆಯುತ್ತಿದೆ ಎಂದು ಇಷ್ಟು ವರ್ಷದ ಮೇಲೆ ನಿಮಗೆ ಭಾಷೆ ಬೇಡ, ಗಂಟೆಯ ಸದ್ದಿಗೇ ತಿಳಿಯುತ್ತದೆ. ಪರಲೋಕದ ಜಪ ಬಂದಾಗ ಎಲ್ಲರೂ ಕೊಂಕಣಿಯಲ್ಲಿ ಹೇಳಲಿ, ನೀವು ಕನ್ನಡದಲ್ಲೇ ಹೇಳಿ, ಸ್ವಲ್ಪ ಜೋರಾಗಿಯೇ. ವಾಸ್ಕೋ, ಝುವಾರಿನಗರದ ಕಡೆ ಕನ್ನಡದವರಿಗೆ ಬರವಿಲ್ಲ, ಯಾರಾದರೂ ತಿರುಗಿ ನೋಡುತ್ತಾರೆ. ಪೂಜೆ ಮುಗಿದ ಮೇಲೆ ಅವರನ್ನು ಹಿಡಿದುಕೊಂಡು ಊರು ಯಾವುದು ಎಂದು ಕೇಳಿ.